ಕುದಿಯುವ ಮರಳು

ದೂರದ ಘಟ್ಟದಲ್ಲಿ ಮಳೆಯಾದ ಸುದ್ದಿ ಕಲ್ಮಡುವಿನಲ್ಲಿ ಮೊದಲು ಮುಟ್ಟಿದ್ದು ಬೀದಿದೀಪಗಳಿಗೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಸಂತೆ ಮುಗಿಸಿ ಹೊರಟವರ ತಲೆಯ ಮೇಲೆ ದೀಪಗಳು ಹಳದಿಗೆ ತಿರುಗಿದವು. ಅದೇ ಹೊತ್ತಿಗೆ ಕೃಷ್ಣೆಯ ಸೇತುವೆ ದಾಟಬೇಕಿದ್ದ ಗೂಡ್ಸ್ ಗಾಡಿ ತಾನಾಗಿ ವೇಗ ತಗ್ಗಿಸಿತು. ಹಾಲಿನ ವ್ಯಾನು ಹೊಳೆದಂಡೆಯ ರಸ್ತೆ ಬಿಟ್ಟು ಮೇಲಿನ ರಸ್ತೆ ಹಿಡಿಯಿತು. ನೀರಲ್ಲಿ ಮೈ ಚೆಲ್ಲಿ ಮಲಗಿದ್ದ ಎಮ್ಮೆಗಳ ಕೊರಳಪಟ್ಟಿ ಗುಂಯ್ ಅಂತು, ಅವು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ದಂಡೆಗೆ ಬಂದವು. ಬ್ಯಾರೇಜಿನ ಗೇಟುಗಳು ಗೇಣುದ್ದ ಮೇಲೆದ್ದವು. ಯಾರೂ ಯಾರಿಗೂ ಫೋನು ಮಾಡಲಿಲ್ಲ. ಹೊಳೆಯ ಕೆಂಪು ನೀರು ಸೊಕ್ಕಿನಿಂದ ಊರ ಮುಂದೆ ಬಂದಾಗ ಎಳೆದುಕೊಂಡು ಹೋಗಲು ಅದಕ್ಕೆ ಒಂದು ಕರುವೂ ಸಿಗಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಬ್ಯಾರೇಜಿನ ಕೋಣೆಯ ಗೋಡೆಗೆ ತೂಗುಹಾಕಿದ್ದ, ಉಪ್ಪಿನಕಾಯಿ ಭರಣಿಯಷ್ಟು ದಪ್ಪದ ಒಂದು ಪೆಟ್ಟಿಗೆ. ಅದರ ಹೆಸರು ನಂಟು.

ಆ ಕಾಲಕ್ಕೆ ನಾಡಿನ ತುಂಬ ಸಂವೇದಕಗಳಿದ್ದವು. ಸಂವೇದಕ ಎಂದರೆ ತೇವ, ಶಾಖ, ಒತ್ತಡ, ನಡುಕ ಹೀಗೆ ಯಾವುದೋ ಒಂದನ್ನು ಅಳೆದು ರೇಡಿಯೋ ಅಲೆಯಲ್ಲಿ ಸುದ್ದಿ ಕಳಿಸುವ ಪುಟ್ಟ ಉಪಕರಣ. ನೀರಾವರಿಯವರದೊಂದು ಜಾಲ, ರೈಲಿನವರದೊಂದು, ಹಾಲಿನವರದೊಂದು, ಹವಾಮಾನದವರದೊಂದು, ಬೆಳೆಗಾರರ ಸಂಘಗಳದ್ದು ಮತ್ತೆ ಬೇರೆ. ಒಂದೊಂದನ್ನು ಒಂದೊಂದು ಕಂಪನಿ ಒಂದೊಂದು ಕಾಲದಲ್ಲಿ ಮಾಡಿದ್ದರಿಂದ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಒಂದೇ ಕಂಬಕ್ಕೆ ಜೋತುಬಿದ್ದ ಉಪಕರಣಗಳು ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕದಲ್ಲೇ ಇದ್ದವು. ಎಲ್ಲಕ್ಕೂ ಒಂದೇ ಭಾಷೆ ಕಡ್ಡಾಯ ಮಾಡಬೇಕೆಂದು ಸಮಿತಿಯ ಮೇಲೆ ಸಮಿತಿ ಕೂತು, ಚಹಾ ಕುಡಿದು, ಎದ್ದುಹೋಗಿದ್ದವು.

ಡಾ. ನೀಲಾಂಬಿಕಾ ಕರಡಿ ಭಾಷೆ ಕಲಿಸುವ ಗೋಜಿಗೇ ಹೋಗಲಿಲ್ಲ. ಆಕೆ ಮಾಡಿದ ನಂಟು ಸುಮ್ಮನೆ ಕೂತು ಸುತ್ತಲಿನ ಎಲ್ಲ ಜಾಲಗಳ ಮಾತಿಗೆ ಕಿವಿಗೊಡುತ್ತಿತ್ತು, ಹೊಸದಾಗಿ ಬಂದ ಸೊಸೆ ಮನೆಯವರ ಮಾತಿಗೆ ಕಿವಿಗೊಡುವ ಹಾಗೆ. ಇದು ಏರಿದಾಗ ಅದೂ ಏರುತ್ತದೆ, ಅದು ನಡುಗಿದ ಸ್ವಲ್ಪ ಹೊತ್ತಿಗೆ ಇದು ಒದ್ದೆಯಾಗುತ್ತದೆ, ಹೀಗೆ ಯಾವುದಕ್ಕೆ ಯಾವುದರೊಡನೆ ಏನು ಸಂಬಂಧ ಎಂಬುದನ್ನು ತಿಂಗಳುಗಟ್ಟಲೆ ಗಮನಿಸಿ ತಾನೇ ಅರಿತುಕೊಳ್ಳುತ್ತಿತ್ತು. ಆಮೇಲೆ ಒಂದು ಜಾಲದ ಸುದ್ದಿಯನ್ನು ಇನ್ನೊಂದಕ್ಕೆ ಅದಕ್ಕೆ ತಿಳಿಯುವ ಹಾಗೆ ದಾಟಿಸುತ್ತಿತ್ತು. ಕೆಲವೇ ವರ್ಷಗಳಲ್ಲಿ ನಂಟು ಇಲ್ಲದ ಸೇತುವೆ, ಕಾಲುವೆ, ಆಸ್ಪತ್ರೆ ನಾಡಿನಲ್ಲಿ ಹುಡುಕಿದರೂ ಸಿಗದಂತಾಯಿತು.

ಜನ ನಂಟನ್ನು ಮೆಚ್ಚಿದ್ದು ಸುದ್ದಿ ದಾಟಿಸುವುದಕ್ಕಿಂತ ಹೆಚ್ಚಾಗಿ ಅದರ ಇನ್ನೊಂದು ಗುಣಕ್ಕೆ. ಅದು ಸುಳ್ಳು ಕೂಗನ್ನು ಅಡಗಿಸುತ್ತಿತ್ತು. ಇದರ ಹಿಂದೆ ಒಂದು ಸಾವಿತ್ತು.

ನೀಲಾಂಬಿಕಾ ಕಾಲೇಜಿನಲ್ಲಿದ್ದಾಗ, ಬೆಣಚಿನಮಡ್ಡಿ ಎಂಬ ಊರಿನ ಸೇತುವೆಯ ಕೆಳಗಿನ ನೀರಿನ ಮಾಪಕದೊಳಗೆ ಕಣಜದ ಹುಳು ಗೂಡು ಕಟ್ಟಿತ್ತು. ಮಾಪಕ ಪ್ರವಾಹ ಬಂತೆಂದು ಬಗೆಯಿತು, ಸೈರನ್ ಕೂಗಿತು, ಸೇತುವೆಯ ಮೇಲಿದ್ದ ಜಾತ್ರೆಗೆ ಹೊರಟ ಜನ ಎರಡೂ ಕಡೆಯಿಂದ ನುಗ್ಗಿದರು. ತುಳಿತಕ್ಕೆ ಸಿಕ್ಕವರಲ್ಲಿ ನೀಲಾಂಬಿಕಾಳ ಅಕ್ಕ ಗಂಗಾಂಬಿಕಾ ಇದ್ದಳು. ಹೊಳೆಯಲ್ಲಿ ಆ ದಿನ ಮೊಣಕಾಲುದ್ದ ನೀರಿತ್ತು. ಅಕ್ಕನ ಒಂದು ಚಪ್ಪಲಿ ಹಿಡಿದುಕೊಂಡು ಮನೆಗೆ ಬಂದ ತಂಗಿ, ಒಂಟಿ ಕೂಗನ್ನು ಇನ್ನೆಂದೂ ನಂಬಬಾರದು ಎಂದು ನಿಶ್ಚಯಿಸಿದಳು.

ಹೀಗಾಗಿ ಯಾವುದೇ ಸಂವೇದಕ ಅಪಾಯವೆಂದು ಕೂಗಿದರೆ ನಂಟು ಅದರ ಅಕ್ಕಪಕ್ಕದವನ್ನು ವಿಚಾರಿಸುತ್ತಿತ್ತು. ಅವು ಹೌದೆಂದರೆ ಸೈರನ್, ಇಲ್ಲವೆಂದರೆ ಕೂಗಿದ್ದಕ್ಕೇ ರೋಗ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನೀಲಾಂಬಿಕಾ ಹೋದಲ್ಲೆಲ್ಲ ಹೇಳುತ್ತಿದ್ದಳು. ಮುಂದೆ ಅಧಿಕಾರಿಗಳು, ಪದೇ ಪದೇ ತಪ್ಪು ಹೇಳುವ ಸಂವೇದಕಗಳನ್ನು ಯಾರು ರಿಪೇರಿ ಮಾಡುತ್ತ ಕೂರಬೇಕು ಎಂದು ಗೊಣಗಿದರು. ಆಕೆ ಇನ್ನೊಂದು ಗುಣ ಸೇರಿಸಿದಳು. ಒಂದು ಸಂವೇದಕ ನೆರೆಯವುಗಳಿಗಿಂತ ಬಹುಕಾಲ ಬೇರೆಯೇ ಹೇಳುತ್ತಿದ್ದರೆ ನಂಟು ತಾನೇ ಅದರ ಅಂಕಿಯನ್ನು ಉಳಿದವುಗಳ ಸಮಕ್ಕೆ ತಿದ್ದುತ್ತಿತ್ತು. ಇದಕ್ಕೆ ಆಕೆ ಇಟ್ಟ ಹೆಸರು ಹೊಂದಾಣಿಕೆ. ಹೆಸರು ಎಲ್ಲರಿಗೂ ಹಿಡಿಸಿತು. ಹೊಂದಿಕೊಂಡು ಹೋಗುವವರನ್ನು ಕಂಡರೆ ನಮಗೆ ಮೊದಲಿಂದಲೂ ಪ್ರೀತಿ.

ಚೈತ್ರದಲ್ಲಿ ಕಲ್ಮಡುವಿನಿಂದ ಆಕೆಗೆ ಊಟದ ಕರೆ ಬಂತು. ಕರೆದವಳು ಹುಲಿಗೆವ್ವ ಅಂಬಿಗೇರ, ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರ ಸಂಘದ ಅಧ್ಯಕ್ಷೆ. ಬ್ಯಾರೇಜಿನ ಹಿಂದೆ ಕಾಲುವೆಗೆಂದು ನೀರು ತುಂಬಿ ನಿಂತಿರುವ ಬೇಸಿಗೆಯಲ್ಲಿ ಮುಂದಿನ ಪಾತ್ರ ಬರಿದಾಗಿ ಬರೀ ಮರಳು ಉಳಿಯುತ್ತಿತ್ತು. ಅಂಬಿಗರ ಕುಟುಂಬಗಳು ಆ ಮರಳಿಗೆ ಇಳಿದು, ಗುಡಿಸಲು ಹಾಕಿ, ಒರತೆ ತೋಡಿ, ಬಳ್ಳಿ ಹಬ್ಬಿಸಿ, ಮಳೆಗಾಲಕ್ಕೆ ಮುಂಚೆ ಹಣ್ಣು ಮಾರಿ ಮೇಲೇರುವುದು ರೂಢಿ. ನಂಟು ಬಂದ ಮೇಲೆ ಮರಳಿನ ನಡುವೆ ಒಂದು ಕಂಬ ನಿಂತಿತ್ತು, ಅದರ ತುದಿಯಲ್ಲಿ ದೀಪ. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಗಂಟು ಕಟ್ಟು, ಕೆಂಪಾದರೆ ಓಡು. ಈ ದೀಪ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

"ಬರ್ರಿ ಅಕ್ಕಾರ, ಗಂಗವ್ವ ನಿಮ್ಮ ಹಾದೀನ ಕಾಯಾಕತ್ತಾಳ," ಎಂದು ಹುಲಿಗೆವ್ವ ಆಕೆಯ ಕೈ ಹಿಡಿದು ಮರಳಿಗೆ ಇಳಿಸಿದಳು. "ಈ ವರ್ಷ ವರತಿ ತೋಡೂ ಕೆಲಸನ ಇಲ್ಲ. ತಾನ ಎದ್ದು ಬಂದಾಳ ತಾಯಿ."

ಬ್ಯಾರೇಜಿನ ಬುಡದಿಂದ ಕೂಗಳತೆಯ ದೂರದಲ್ಲಿ ಮರಳಿನೊಳಗಿಂದ ನೀರು ಚಿಮ್ಮುತ್ತಿತ್ತು. ಅಂಗೈಯಗಲದ ಬುಗ್ಗೆ, ಅದರ ಬಾಯಲ್ಲಿ ಮರಳಿನ ಕಣಗಳು ಅನ್ನದ ಎಸರಿನಂತೆ ಕುದಿಯುತ್ತಿದ್ದವು. ಅಂಥದೇ ಇನ್ನೂ ಚಿಕ್ಕವು ಸುತ್ತ ಅಲ್ಲಲ್ಲಿ. ಬೇಸಿಗೆಯಲ್ಲಿ ತಾನಾಗಿ ಒರತೆ ಎದ್ದರೆ ಅಂಬಿಗರಿಗೆ ಅದು ಗಂಗೆಯೇ ತವರಿಗೆ ಬಂದಂತೆ. ಬುಗ್ಗೆಯ ಪಕ್ಕದಲ್ಲಿ ತಾಮ್ರದ ಕೊಡಕ್ಕೆ ಹಸಿರು ಸೀರೆ ಉಡಿಸಿ, ಅರಿಶಿಣದ ಮುಖ ಬರೆದು, ಮೂಗುತಿ ಇಟ್ಟು ಕೂರಿಸಿದ್ದರು. ಹಣ್ಣಿನ ಕಟಾವು ಮುಗಿಯುವ ತನಕ ಆ ಕೊಡ ಅಲ್ಲಿಂದ ಕದಲಬಾರದು. ಹೆಂಗಸರು ಸಾಲಾಗಿ ಬಂದು ಕಾಯಿ, ಖಣ, ಅಕ್ಕಿ, ಉತ್ತತ್ತಿ ಇಟ್ಟು ಬಸುರಿ ಹೆಂಗಸಿಗೆ ತುಂಬುವ ಹಾಗೆ ಗಂಗವ್ವನಿಗೆ ಉಡಿ ತುಂಬಿದರು. ನೀಲಾಂಬಿಕಾಳೂ ಒಂದು ಖಣ ಇಟ್ಟಳು. ನೀರಿಗೆ ಕೈ ಹಾಕಿದಾಗ ಅದು ತಣ್ಣಗೆ, ತಿಳಿಯಾಗಿತ್ತು. ಬೆರಳ ಸಂದಿಯಲ್ಲಿ ನುಣ್ಣನೆಯ ಮರಳು ಜಾರಿಹೋಯಿತು. ಯಾಕೋ ಮನಸ್ಸಿಗೆ ಒಂದಿಷ್ಟು ಕಸಿವಿಸಿಯಾಗಿ ಆಕೆ ತಲೆಯೆತ್ತಿ ಕಂಬವನ್ನು ನೋಡಿದಳು. ಹಸಿರಿತ್ತು. ಮಾದಲಿ, ತುಪ್ಪ, ಎಣ್ಣೆಗಾಯಿ ಹೊಟ್ಟೆ ತುಂಬ ಉಂಡಳು.

ಊಟಕ್ಕೆ ಬಡಿಸಿದವನು ಹುಲಿಗೆವ್ವನ ಗಂಡ ಯಮನಪ್ಪ. ಊರೆಲ್ಲ ಬದಲಾಗಿದ್ದರೂ ಹುಲಿಗೆವ್ವ ಗಂಡನ ಹೆಸರು ಹೇಳುವವಳಲ್ಲ. "ನಮ್ಮನಿಯಾವರು" ಎಂದು ಸನ್ನೆಯಲ್ಲೇ ಮುಗಿಸುತ್ತಿದ್ದಳು. ಅವನು ಆಕೆಯನ್ನು ರೇಗಿಸಲೆಂದೇ "ನನ್ನ ಹೆಸರೇನು ಹೇಳಿದ್ರ ಇನ್ನೊಂದು ಹಣ್ಣು ಕೊಯ್ತೀನಿ" ಎನ್ನುತ್ತಿದ್ದ. ಆಕೆ "ನಿಮ್ಮ ಹಣ್ಣು ನೀವ ತಿನ್ರಿ" ಎಂದು ಮುಖ ತಿರುವಿದಳು, ಎಲ್ಲರೂ ನಕ್ಕರು.

ಆ ವಾರ ನೀಲಾಂಬಿಕಾ ಬ್ಯಾರೇಜಿನ ಅತಿಥಿಗೃಹದಲ್ಲೇ ಉಳಿದಳು. ಒಂದು ಬೆಳಿಗ್ಗೆ ಹಣ್ಣು ಕೊಡಲು ಬಂದ ಹುಲಿಗೆವ್ವ ಹೊರಡುವಾಗ ನಗುತ್ತ ಅಂದಳು:

"ಗಂಗವ್ವ ಎರಡು ದಿನದಿಂದ ನಮಗ ಚಾ ಕುಡಸಾಕತ್ತಾಳ್ರಿ. ನೀರೆಲ್ಲ ಚಾದ ಬಣ್ಣ. ಬುಗ್ಗಿನೂ ದೊಡ್ಡದಾಗೇತಿ, ಬುಟ್ಟಿ ಅಗಲ."

ನೀಲಾಂಬಿಕಾ ರೇಡಿಯೋ ಅಲೆಗಳನ್ನು ಓದಿದವಳು, ನೆಲವನ್ನಲ್ಲ. ಆಕೆ ಈ ಮಾತನ್ನು ಬ್ಯಾರೇಜಿನ ಇಂಜಿನಿಯರ್ ರುದ್ರಮುನಿ ಹಂಚಿನಾಳರಿಗೆ ತಮಾಷೆಯಾಗಿಯೇ ಹೇಳಿದಳು. ರುದ್ರಮುನಿ ಬಾಯಿಗೆ ಹಚ್ಚಿದ ಚಹದ ಕಪ್ಪನ್ನು ಕೆಳಗಿಟ್ಟರು.

"ತಿಳಿ ನೀರು ಕೆಂಪಾತಾ? ಖರೇನ?"

"ಯಾಕ್ರಿ? ಅದರಾಗೇನೈತಿ?"

"ತಿಳಿ ನೀರು ಬಂದ್ರ ಬರೀ ನೀರು ಬಂತು ಅಂತ ಅರ್ಥರಿ. ಕೆಂಪು ಬಂದ್ರ ಒಳಗಿಂದ ಮಣ್ಣು ತಗೊಂಡು ಬರಾಕತ್ತೇತಿ ಅಂತ. ಈ ಬ್ಯಾರೇಜು ಉಸುಕಿನ ಮ್ಯಾಲ ಕುಂತೇತಿ ಮೇಡಂ. ಹಿಂದಿನ ನೀರು ಅದರ ಬುಡದ ಕೆಳಗ ಹಾದಿ ಮಾಡ್ಕೊಂಡ್ರ, ಮುಂದ ಹಿಂಗ ಕುದ್ದು ಮ್ಯಾಲ ಬರ್ತೈತಿ. ಬರಬರತ ಹಾದಿ ಅಗಲ ಆಕ್ಕೋತ ಹೊಕ್ಕೈತಿ."

"ಅದನ್ನ ನೋಡಾಕಂತನ ಬುಡದಾಗ ಒತ್ತಡದ ಕೊಳವಿ ಅದಾವಲ್ರಿ?"

ಇದ್ದವು. ಬ್ಯಾರೇಜಿನ ತಳವನ್ನು ತೂರಿಕೊಂಡು ಕೆಳಗಿನ ಮರಳಿನ ತನಕ ಇಳಿದ ಕಬ್ಬಿಣದ ಕೊಳವೆಗಳು. ಒಳಗಿನ ನೀರು ಎಷ್ಟು ಮೇಲೆ ನಿಂತಿದೆ ಎಂಬುದರ ಮೇಲೆ ತಳದ ಕೆಳಗಿನ ಒತ್ತಡ ತಿಳಿಯುತ್ತದೆ. ಪ್ರತಿಯೊಂದರಲ್ಲೂ ಒಂದು ಸಂವೇದಕ. ರುದ್ರಮುನಿ ಪರದೆಯ ಮೇಲೆ ಅವುಗಳ ಅಂಕಿ, ಏರಿಳಿತದ ಗೆರೆ ತರಿಸಿದರು. ಹಸಿರು ದೀಪ ಉರಿಯುವಾಗ ಅಂಕಿ ನೋಡುವ ಪದ್ಧತಿ ಹೋಗಿ ಬಹಳ ವರ್ಷಗಳಾಗಿದ್ದವು. ಎಲ್ಲ ಕೊಳವೆಗಳೂ ಒಂದೇ ಮಾತು ಹೇಳುತ್ತಿದ್ದವು. ನೀರು ಆಳದಲ್ಲಿದೆ, ಶಾಂತವಾಗಿದೆ.

"ನೋಡ್ರಿ, ಎಲ್ಲಾ ಸರಿ ಐತಿ," ಎಂದಳು ನೀಲಾಂಬಿಕಾ. ಅವಳಿಗೆ ಉಸಿರು ಬಂದಂತಾಗಿತ್ತು.

"ಸರಿ ಇಲ್ರಿ. ಹೊಳಿ ಏರಿದ್ರ ಇದೂ ಏರಬೇಕು, ಇಳದ್ರ ಇಳೀಬೇಕು. ಸಂಕ್ರಾಂತಿ ದಾಟಿದ ಮ್ಯಾಲ ಗೆರಿ ಅಲುಗೇ ಇಲ್ಲ. ಹೆಣದ ನಾಡಿ ಹಿಡದಂಗ ಐತಿ."

ಅವರು ನಟ್ಟು ಬಿಚ್ಚುವ ದೊಡ್ಡ ಪಾನಾ ಹಿಡಿದು ಬುಡದ ಕಟ್ಟೆಗೆ ಇಳಿದರು, ಆಕೆ ಹಿಂದೆ ಹೋದಳು. ಮೊದಲ ಕೊಳವೆಯ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ರುದ್ರಮುನಿ ಮೈಭಾರ ಬಿಟ್ಟು ತಿರುಗಿಸಿದರು. ಮುಚ್ಚಳ ಸಡಿಲಾಗುತ್ತಿದ್ದಂತೆ ಕೊಳವೆಯ ಬಾಯಿಂದ ನೀರು ಉಕ್ಕಿ ಅವರಿಬ್ಬರ ಪಾದದ ಮೇಲೆ ಹರಿಯಿತು. ಎರಡನೆಯದನ್ನು ತೆರೆದರು, ಅದೂ ಉಕ್ಕಿತು. ಮೂರನೆಯದರ ನೀರಿನ ಜೊತೆ ಕೆಸರು ಬಂತು. ಆಕೆಯ ಕೈಯಲ್ಲಿದ್ದ, ನಂಟಿನ ಅಂಕಿ ತೋರಿಸುವ ಫಲಕದ ಮೇಲೆ ಮಾತ್ರ ನೀರು ಇನ್ನೂ ಆಳದಲ್ಲೇ ಇತ್ತು.

ನೀಲಾಂಬಿಕಾಳಿಗೆ ಆಗ ಎಲ್ಲವೂ ಹೊಳೆಯಿತು. ಮೊದಲು ಒಂದೇ ಒಂದು ಕೊಳವೆ ಒತ್ತಡ ಏರುತ್ತಿದೆ ಎಂದು ಹೇಳಿರಬೇಕು. ನಂಟು ನೆರೆಯವುಗಳನ್ನು ಕೇಳಿತು, ಅವು ಇಲ್ಲವೆಂದವು. ಮೊದಲನೆಯದನ್ನು ತಿದ್ದಿತು. ಆಮೇಲೆ ಎರಡನೆಯದು ಕೂಗಿದಾಗ, ತಿದ್ದಿಸಿಕೊಂಡ ಮೊದಲನೆಯದೇ ಅದರ ವಿರುದ್ಧ ಸಾಕ್ಷಿ ಹೇಳಿತು. ಅದನ್ನೂ ತಿದ್ದಿತು. ಹೀಗೆ ನಿಜ ಹೇಳಿದ ಒಂದೊಂದನ್ನೂ ಹಿಡಿದು, ಮುಂದೆ ನಿಜ ಹೇಳುವವರ ಬಾಯಿ ಮುಚ್ಚಲು ನಿಲ್ಲಿಸಿತ್ತು. ಕಲ್ಲಂಗಡಿ ಬಳ್ಳಿಯ ಬುಡದಲ್ಲಿ ತೇವ ಅಳೆಯುವ ಮೊಳೆಯಂಥ ಸಂವೇದಕಗಳೂ ತಿಂಗಳಿನಿಂದ ಒದ್ದೆ ಒದ್ದೆ ಎಂದು ಬಡಬಡಿಸಿರಬೇಕು. ನೀರು ಹಾಕುವ ಜಾಗ ತಾನೇ, ಅವುಗಳ ಮಾತು ಯಾರು ಕೇಳುತ್ತಾರೆ? ಯಾವ ಯಂತ್ರವೂ ಕೆಟ್ಟಿರಲಿಲ್ಲ. ಆಕೆ ಹೇಳಿಕೊಟ್ಟ ಹಾಗೆಯೇ ಎಲ್ಲ ನಡೆದಿತ್ತು.

"ಗೇಟು ತೆಗದು ಹಿಂದಿನ ನೀರು ಇಳಸಬೇಕು," ಎಂದರು ರುದ್ರಮುನಿ. "ಅದಕ್ಕ ಮೊದಲು ಉಸುಕಿನಾಗಿನ ಮಂದೀನ ಮ್ಯಾಲ ತರಬೇಕು."

ಸೈರನ್ ಕೊಡಲು ಆಕೆ ಆಜ್ಞೆ ಒತ್ತಿದಳು. ಫಲಕದ ಮೇಲೆ ಮೂಡಿತು: ಸಾಕ್ಷಿ ಸಾಲದು. ತನ್ನ ಹೆಸರು, ತನ್ನ ಗುಟ್ಟಿನ ಅಂಕಿ ಕೊಟ್ಟಳು. ಸಾಕ್ಷಿ ಸಾಲದು. ಆಕೆಯೇ ಬರೆದ ನಿಯಮ ಅದು. ಒಬ್ಬ ಮನುಷ್ಯ ಹೆದರಿಯೋ ಹುಚ್ಚಿನಲ್ಲಿಯೋ ಸೈರನ್ ಒತ್ತಬಾರದು ಎಂದು ತಾನೂ ಒತ್ತದ ಹಾಗೆ ಬರೆದಿದ್ದಳು. ಕೈಯಿಂದ ತಿರುಗಿಸುವ ಹಳೆಯ ಸೈರನ್ ಗುಜರಿಗೆ ಹೋಗಿತ್ತು. ಗೇಟುಗಳೂ ಏಳಲು ಒಪ್ಪಲಿಲ್ಲ, ಮರಳಿನಲ್ಲಿ ಜನರಿದ್ದಾರೆಂದು ನಂಟಿಗೆ ಗೊತ್ತಿತ್ತು. ಅಷ್ಟು ಜಾಣತನ ಅದಕ್ಕಿತ್ತು.

ರುದ್ರಮುನಿಯನ್ನು ದಂಡೆ ಬದಿಯ ಗೇಟಿನ ಹತ್ತಿರ ಬಿಟ್ಟು ಆಕೆ ಮರಳಿಗೆ ಓಡಿದಳು. ಕಟಾವಿನ ದಿನ. ಗುಡಿಸಲುಗಳ ಮುಂದೆ ಹಣ್ಣಿನ ರಾಶಿ, ಮಕ್ಕಳು, ಆಚೆ ತುದಿಯಲ್ಲಿ ಲಾರಿಗೆ ತುಂಬುತ್ತಿದ್ದ ಗಂಡಸರು. "ಮ್ಯಾಲ ಬರ್ರಿ! ಬ್ಯಾರೇಜು ಹೊಕ್ಕೈತಿ, ಮ್ಯಾಲ ಬರ್ರಿ!" ಎಂದು ಕೂಗಿದಳು. ಜನ ಆಕೆಯನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಕಂಬವನ್ನು ನೋಡಿದರು. ಹಸಿರಿತ್ತು. ಮತ್ತೆ ಕೆಲಸಕ್ಕೆ ಬಗ್ಗಿದರು.

"ಹುಲಿಗೆವ್ವ, ನಿಮ್ಮ ಕಾಲು ಮುಗೀತೀನಿ, ಮಂದೀನ ಕರಕೊಂಡು ಏಳ್ರಿ."

"ದೀಪ ಹಸಿರೈತಲ್ರಿ ಅಕ್ಕಾರ."

"ದೀಪ ಸುಳ್ಳು ಹೇಳಾಕತ್ತೇತಿ. ನಿಮ್ಮ ಕಾಲಾಗ ನೋಡ್ರಿ, ನೀರ ಬಂದೇತಿ!"

ಬಂದಿತ್ತು. ಹುಲಿಗೆವ್ವ ಹಿಮ್ಮಡಿ ಮುಳುಗುವ ಕೆಂಪು ನೀರಿನಲ್ಲಿ ನಿಂತಿದ್ದಳು. ಒಮ್ಮೆ ಕಾಲು ನೋಡಿದಳು, ಒಮ್ಮೆ ದೀಪ ನೋಡಿದಳು.

"ನಮ್ಮ ಸಂಘದಾಗ ಭಾಷಣ ಮಾಡಿದವ್ರು ನೀವ ಅಲ್ರಿ? ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡ್ರಿ, ಒಬ್ಬರ ಮಾತಿಗೆ ಓಡಬ್ಯಾಡ್ರಿ, ನಮ್ಮಕ್ಕ ಹಂಗ ಸತ್ಲು ಅಂತ ಅತ್ರಿ. ನಾವೂ ಅತ್ತಿವಿ. ಈಗ ನೀವ ಒಬ್ಬರ ಬಂದು ಓಡ್ರಿ ಅಂತೀರಲ್ಲ?"

ಕದಲದ ಹುಲಿಗೆವ್ವನ ಕೈಯನ್ನು ನೀಲಾಂಬಿಕಾ ಹಿಡಿದು ಜಗ್ಗಿದಳು. ಅಕ್ಕನ ಸಾವನ್ನು ಹೇಳಿ ಹೇಳಿ ಈ ಜನರನ್ನು ತಾನೇ ನೆಲಕ್ಕೆ ಕಟ್ಟಿಹಾಕಿದ್ದಳು. ಹಿಂದಿನಿಂದ ಬ್ಯಾರೇಜಿನ ಬುಡದಲ್ಲಿ ಏನೋ ಗೊರಗೊರ ಅಂದ ಸದ್ದು. ಬುಗ್ಗೆ ಈಗ ಬಾವಿಯ ಬಾಯಷ್ಟಾಗಿತ್ತು, ಅದರ ಅಂಚಿನಲ್ಲಿ ಹಸಿರು ಸೀರೆಯ ಕೊಡ ಓರೆಯಾಗಿ ಕೂತಿತ್ತು.

ಆಮೇಲೆ ಆಕೆ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಓಡಿಹೋಗಿ, ಚಪ್ಪಲಿ ಕಾಲಲ್ಲೇ, ಗಂಗವ್ವನ ಕೊಡವನ್ನು ಸೀರೆ ಮೂಗುತಿ ಸಮೇತ ಬಾಚಿ ಎದೆಗವಚಿಕೊಂಡಳು. ಒಳಗಿನ ನೀರು ಚೆಲ್ಲಿತು. ಆಕೆ ಅಗಲವಾದ ಮೆಟ್ಟಿಲುಗಳಿದ್ದ ಘಾಟಿನ ಕಡೆ, ಹುಟ್ಟಿದಾರಭ್ಯ ಹಾಗೆ ಓಡದವಳು, ಓಡಿದಳು.

"ಏ! ಗಂಗವ್ವನ ಒಯ್ದಳಲೇ! ಹಿಡೀರಿ ಆಕೀನ!"

ಅಪಾಯಕ್ಕೆ ಏಳದ ಜನ ಅವಮಾನಕ್ಕೆ ಎದ್ದರು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬೈಯುತ್ತ ಬೆನ್ನಟ್ಟಿದರು, ಕೂಸು ಕಂಕುಳಲ್ಲಿದ್ದವರು ಕೂಸಿನ ಸಮೇತ, ಮಕ್ಕಳು ಕೇಕೆ ಹಾಕುತ್ತ, ಮುದುಕರು ಕೋಲು ಬೀಸುತ್ತ. ಆಚೆ ತುದಿಯ ಗಂಡಸರಿಗೆ ಇದು ನಾಟಕವಾಗಿ ಕಂಡಿತು. ಯಮನಪ್ಪ ಹಣ್ಣಿನ ರಾಶಿಯ ಮೇಲೆ ನಿಂತು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ. "ಅಕ್ಕಾರಿಗೆ ಬಿಸಲು ತಲಿಗೇರೇತಿ! ಬಿಡಬ್ಯಾಡ್ರಿ!" ಎಂದು ಕೂಗಿ, ದೀಪದ ಕಡೆ ಒಮ್ಮೆ ನೋಡಿ, ಮತ್ತೆ ಲಾರಿಗೆ ಹಣ್ಣು ಎಸೆಯತೊಡಗಿದ.

ಮೇಲಿನ ಮೆಟ್ಟಿಲಲ್ಲಿ ಹುಲಿಗೆವ್ವ ಆಕೆಯ ಜಡೆ ಹಿಡಿದು ಜಗ್ಗಿ ಕೆನ್ನೆಗೆ ಬಾರಿಸಿದಳು. ನೀಲಾಂಬಿಕಾ ಕೊಡವನ್ನು ಬಿಡಲಿಲ್ಲ. ಇನ್ನೊಂದು ಏಟಿಗೆ ಎತ್ತಿದ ಕೈ ಹಾಗೆಯೇ ನಿಂತಿತು. ಕೆಳಗೆ ಮರಳು ಉಬ್ಬಿ, ಆಮೇಲೆ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬ್ಯಾರೇಜಿನ ನಡುವಿನ ಕಂಬಗಳು ದಣಿದವರ ಹಾಗೆ ಒಂದರ ಮೇಲೊಂದು ಒರಗಿದವು, ಅವುಗಳ ನಡುವಿನಿಂದ ಹಿಂದಿನ ಹೊಳೆಯೆಲ್ಲ ಒಮ್ಮೆಲೇ ಬಂತು.

ಗುಡಿಸಲು, ಲಾರಿ, ಹಣ್ಣಿನ ರಾಶಿ, ಆಚೆ ತುದಿಯ ಗಂಡಸರು. ಹುಲಿಗೆವ್ವ ಗಂಡನನ್ನು ಕೂಗಲು ಬಾಯಿ ತೆರೆದಳು. ಯಾವತ್ತೂ ಹೇಳದ ಹೆಸರು ನಾಲಿಗೆಗೆ ಬರಲಿಲ್ಲ. "ಏ... ಏ..." ಎಂದಷ್ಟೇ ಕೂಗಿದಳು. ಮರಳಿನ ಕಂಬ ಬಾಗಿ ನೀರಿನಲ್ಲಿ ಮುಳುಗುವ ತನಕ ಅದರ ದೀಪ ಹಸಿರಾಗಿಯೇ ಇತ್ತು.

ವಿಚಾರಣೆ ಮುಂದಿನ ಬೇಸಿಗೆಗೆ ಬೆಂಗಳೂರಿನಲ್ಲಿ ನಡೆಯಿತು. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯ. ನೀಲಾಂಬಿಕಾ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು.

"ನಾಡಿನ ಎಲ್ಲಾ ನಂಟುಗಳಲ್ಲಿ ಹೊಂದಾಣಿಕೆ ನಿಲ್ಲಿಸಿ ಸರ್," ಎಂದಳು ಆಕೆ. "ಒಂದೊಂದು ಕೊಳವೆ, ಒಂದೊಂದು ಮಾಪಕವನ್ನೂ ಮನುಷ್ಯರು ಬಿಚ್ಚಿ ನೋಡಬೇಕು. ಎಲ್ಲೆಲ್ಲಿ ಎಷ್ಟು ಬಾಯಿ ಮುಚ್ಚಿಸಿದೀವೋ ನನಗೇ ಗೊತ್ತಿಲ್ಲ."

"ಅರ್ಥ ಆಗುತ್ತಮ್ಮ. ಆದರೆ ಇಷ್ಟು ಸಾವಿರ ಕಡೆ ನಂಟು ಕೆಲಸ ಮಾಡ್ತಾ ಇದೆ. ಬೇರೆ ಎಲ್ಲಾದರೂ ಇಂಥ ದೂರು ಬಂದಿದೆಯಾ?"

"ಬರೋದಿಲ್ಲ ಸರ್. ಬರದ ಹಾಗೆ ಮಾಡಿದ್ದೇ ಅದು."

ಅಧ್ಯಕ್ಷರು ಮೃದುವಾಗಿ ನಕ್ಕು ರುದ್ರಮುನಿಯ ಕಡೆ ತಿರುಗಿದರು. "ನೀವೂ ಅಲ್ಲೇ ಇದ್ರಿ. ಕೊಳವೆಯಿಂದ ನೀರು ಉಕ್ಕಿತು ಅಂತಾರೆ. ಅಷ್ಟೊತ್ತಿಗೆ ಬ್ಯಾರೇಜು ಕುಸಿಯೋದಕ್ಕೆ ಶುರುವಾಗಿ, ಅದರಿಂದಲೇ ಉಕ್ಕಿರಬಹುದಲ್ವಾ? ಅದಕ್ಕೆ ಮುಂಚೆ ಅಂಕಿಗಳು ಸರಿಯಾಗೇ ಇದ್ದಿರಬಹುದಲ್ವಾ? ಇಲ್ಲಿರೋ ಎಲ್ಲ ತಜ್ಞರೂ ಹಾಗೇ ಹೇಳ್ತಿದ್ದಾರೆ."

ರುದ್ರಮುನಿ ಮೇಜಿನ ಸುತ್ತ ಕೂತ ಒಬ್ಬೊಬ್ಬರ ಮುಖವನ್ನೂ ನೋಡಿದರು. ನೀಲಾಂಬಿಕಾಳ ಮುಖವನ್ನು ಮಾತ್ರ ನೋಡಲಿಲ್ಲ.

"ಇರಬಹುದ್ರಿ ಸರ್," ಎಂದರು.

"ಬೇರೆ ಯಾರಿಗಾದರೂ ಡಾಕ್ಟರಮ್ಮ ಹೇಳಿದ ಹಾಗೆ ಅನಿಸುತ್ತಾ?"

ಯಾರೋ ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕಲ್ಮಡುವಿನದು ಆ ಸ್ಥಳಕ್ಕೆ ಸೀಮಿತವಾದ ದೋಷ ಎಂದು ಬರೆದುಕೊಂಡು ಸಭೆ ಮುಗಿಯಿತು. ಎಲ್ಲ ಊರುಗಳೂ ಕ್ಷೇಮ ಎನ್ನುವಾಗ ಒಂದೇ ಊರು ಮುಳುಗಿದೆ ಎಂದರೆ ಆ ಊರಿನಲ್ಲೇ ಏನೋ ಕೊರತೆ. ಕಲ್ಮಡುವನ್ನು ಉಳಿದವುಗಳ ಸಮಕ್ಕೆ ತಿದ್ದಿಯಾಯಿತು.

ಈ ಸಭೆ ಕೂಡಲು ಇನ್ನೂ ಎಷ್ಟೋ ವರ್ಷಗಳಿವೆ. ಆದರೆ ಆ ಪ್ರಶ್ನೆಯನ್ನು ನಾವು ಈಗಾಗಲೇ ಕೇಳಿದ್ದೇವೆ. ಬೇರೆ ಯಾರಿಗಾದರೂ ಹಾಗನಿಸುತ್ತಾ? ಮನೆಯಲ್ಲಿ ಗ್ಯಾಸಿನ ವಾಸನೆ ಬರುತ್ತಿದೆ ಎಂದವಳಿಗೆ, ಈ ಕಟ್ಟಡದ ಗೋಡೆ ಮೊನ್ನೆ ಹೀಗಿರಲಿಲ್ಲ ಎಂದವನಿಗೆ, ಶಾಲೆಗೆ ಹೋಗಲು ಆ ಮೇಷ್ಟ್ರ ಹೆದರಿಕೆ ಎಂದ ಮಗುವಿಗೆ. ಉಳಿದವರೆಲ್ಲ ಸುಮ್ಮನಿದ್ದಾರೆ, ನಿನಗೊಬ್ಬಳಿಗೇನು? ಹೊಂದಿಕೊಂಡು ಹೋಗಮ್ಮ. ಅವಳು ಹೊಂದಿಕೊಳ್ಳುತ್ತಾಳೆ, ನಾಳೆ ಇನ್ನೊಬ್ಬಳು ಅದನ್ನೇ ಹೇಳಿದಾಗ ನಮ್ಮ ಪಕ್ಕದಲ್ಲಿ ಕೂತು ಸುಮ್ಮನಿರುತ್ತಾಳೆ. ನೀಲಾಂಬಿಕಾ ಇದನ್ನು ಪೆಟ್ಟಿಗೆಯೊಳಗೆ ಇಟ್ಟಳು, ಅಷ್ಟೆ.

ಸಭೆಯ ಹೊರಗೆ ಬೆಂಚಿನ ಮೇಲೆ ಹುಲಿಗೆವ್ವ ಕೂತಿದ್ದಳು. ಸಂಘದ ಪರವಾಗಿ ಬಂದವಳನ್ನು ಒಳಗೆ ಕರೆದಿರಲಿಲ್ಲ. ಹಣೆ ಬರಿದಾಗಿತ್ತು. ಏಟು ಕೊಟ್ಟ ದಿನದಿಂದ ಆಕೆ ನೀಲಾಂಬಿಕಾಳ ಜೊತೆ ಹೆಚ್ಚು ಮಾತಾಡಿರಲಿಲ್ಲ.

"ಏನಂದ್ರು?"

"ಎಲ್ಲಾ ಹಸಿರು ಅಂದ್ರು. ನನ್ನ ಮಾತಿಗೆ ಸಾಕ್ಷಿ ಇಲ್ಲಂತ."

ಹುಲಿಗೆವ್ವ ಚೀಲ ಹೆಗಲಿಗೇರಿಸಿದಳು. "ಅಂವ ನನ್ನ ಕಣ್ಮುಂದ ಹೋದ. ಸುಳ್ಳು ಹೇಳಿದ ದೀಪಾನೂ ನೋಡೀನಿ, ನೀರಾಗ ನಿಂತ ನನ್ನ ಕಾಲನ್ನೂ ನೋಡೀನಿ. ಈಗ ಇಬ್ಬರಾದ್ವಿ. ನಡೀರಿ."

ಕಲ್ಮಡುವಿನ ಕೆಳಗೆ ಅದೇ ಹೊಳೆಗಿದ್ದ ಮುಂದಿನ ಬ್ಯಾರೇಜಿಗೆ ಅವರು ಮರುದಿನ ಹೋಗಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ನೀಲಾಂಬಿಕಾಳ ಚೀಲದಲ್ಲಿ ಪಾನಾ ಇತ್ತು, ಆದರೆ ಅದನ್ನು ತೆಗೆಯುವ ಅಗತ್ಯ ಬೀಳಲಿಲ್ಲ. ಕೆಳಗೆ ಮರಳಿನಲ್ಲಿ ಹೆಂಗಸರು ಒಂದು ಬುಗ್ಗೆಯ ಸುತ್ತ ಕೂತು ಉಡಿ ತುಂಬುತ್ತಿದ್ದರು.

"ಬರ್ರಿ ಯವ್ವಾ," ಎಂದು ಅವರಲ್ಲೊಬ್ಬಳು ಹಿಗ್ಗಿನಿಂದ ಕರೆದಳು. "ಗಂಗವ್ವ ತಾನ ಎದ್ದು ಬಂದಾಳ. ಮಾದಲಿ ತಿಂದು ಹೋಗ್ರಿ."

ಹುಲಿಗೆವ್ವ ಚಪ್ಪಲಿ ಬಿಟ್ಟು ಇಳಿದಳು. ಬುಗ್ಗೆಗೆ ಕೈ ಹಾಕಿ, ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇನ್ನೂ ತಿಳಿ ಐತ್ರಿ ಅಕ್ಕಾರ," ಎಂದಳು. ಆಮೇಲೆ ಹೆಂಗಸರ ಮಧ್ಯೆ ಹೋಗಿ ಕೂತಳು.

"ನನ್ನ ಗಂಡನ ಹೆಸರು ಯಮನಪ್ಪ," ಎಂದಳು. "ಯಮನಪ್ಪ ಅಂಬಿಗೇರ, ಕಲ್ಮಡುದಾಂವ. ಅಂವ ಹೆಂಗ ಸತ್ತ ಅನ್ನೂದನ್ನ ಹೇಳ್ತೀನಿ, ಕೇಳ್ರಿ."

ಗಂಡನ ಹೆಸರು ಬಾಯಿಬಿಟ್ಟು ಹೇಳಿದ ವಿಧವೆಯನ್ನು ಹೆಂಗಸರು ದಿಟ್ಟಿಸಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಕಂಬದ ದೀಪವನ್ನು ನೋಡಿದರು. ಯಾರೂ ಇನ್ನೂ ಎದ್ದಿರಲಿಲ್ಲ.